ಕಾವೇರಿ ಕಲಹ: ಮೂಲ ಮತ್ತು ಪರಿಣಾಮ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಬೆದ್ದಲು ಭೂಮಿಯ ಬಹುಭಾಗವು ಗದ್ದೆಯಾದುದು ಕನ್ನಂಬಾಡಿ ಕಟ್ಟೆಯ ವಿಶ್ವೇಶ್ವರಯ್ಯ ನಾಲೆಯಿಂದ. ಆದರೆ ಮೈಸೂರು ಎಷ್ಟು ಭೂಮಿಗೆ ಹೊಸದಾಗಿ ನೀರುಣಿಸಬಹುದೆಂಬುದಕ್ಕೆ ಮದರಾಸಿನೊಡನೆ ಆದ 1924ರ ಒಡಂಬಡಿಕೆಯು ಮಿತಿಯನ್ನು ವಿಧಿಸಿತ್ತು. ತಂಜಾವೂರಿನ ಗದ್ದೆಗಳಾದರೋ ಶತಮಾನಗಳಿಂದ ಅದೇ ನದಿಯನ್ನು ನಂಬಿದ್ದುವು. ಕಲಹದ ಬೇರು ಈ ಭೂಮಿತಿಯಲ್ಲಿದೆ.

1991ರ ಜೂನ್ ತಿಂಗಳಲ್ಲಿ ನ್ಯಾಯಮಂಡಲಿಯು ತಮಿಳುನಾಡಿಗೆ ವರ್ಷಕ್ಕೆ 20,500 ಕೋಟಿ ಘನ ಅಡಿ ನೀರು ದೊರೆಯಬೇಕೆಂದೂ, ಕರ್ನಾಟಕವು ಕಾವೇರಿ ನೀರಾವರಿಯನ್ನು 11.2 ಲಕ್ಷ ಎಕರೆಗೆ ಮೀರಿ ವಿಸ್ತರಿಸಬಾರದೆಂದೂ ಮಧ್ಯಂತರ ಆಜ್ಞೆಯಿತ್ತಿತು. ಡಿಸೆಂಬರಿನಲ್ಲಿ ಜಲವಿವಾದವು ಭಾಷಾದ್ವೇಷವಾಗಿ ಪರಿಣಮಿಸಿತು. ಬೆಂಗಳೂರು, ಮೈಸೂರು ಪ್ರದೇಶಗಳಲ್ಲಿ ತಮಿಳರ ಮೇಲೆ ಹಲ್ಲೆಗಳಾದುವು. ಹಲವರು ಮಡಿದರು, ಸಾವಿರಾರು ಮಂದಿ ಮನೆ ತೊರೆದು ಓಡಿದರು. ನಾಲೆಯ ತೂಬಿನ ಮೇಲೆ ಅವರಿಗೆ ಯಾವ ಅಧಿಕಾರವೂ ಇರಲಿಲ್ಲ.

2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಪಾಲನ್ನು 28,475 ಕೋಟಿ ಘನ ಅಡಿಗೆ ಏರಿಸಿತು. ಮಳೆ ಕುಗ್ಗಿದ ವರ್ಷ ಕೊರತೆಯನ್ನು ಹಂಚಿಕೊಳ್ಳುವ ಬಗೆಯು ಇಂದಿಗೂ ವಿವಾದಾಸ್ಪದವಾಗಿದೆ.