ದುರಸ್ತಿಗಿಂತ ಅಗ್ಗವಾದ ದಂಡ

ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿರುವ ಕಾನಸೂರು, ಹೆಸರಿಗೆ ತಕ್ಕಂತೆ, ಕಾನಿನ ಸೆರಗಿನ ಊರು. ತಗ್ಗಿನಲ್ಲಿ ಅಡಕೆಯ ತೋಟ, ಮೇಲೆ ಸೊಪ್ಪಿನ ಬೆಟ್ಟ, ನಡುವೆ ದೂರದೂರಕ್ಕೊಂದು ಮನೆ. ಇಂಥ ಸೀಮೆಯಲ್ಲಿ ಒಂದೊಂದು ಮನೆಗೆ ದೀಪ ಮುಟ್ಟಿಸಲು ವಿದ್ಯುತ್ ತಂತಿಯು ಮರಗಳ ಸಂದಿನಲ್ಲಿ ಬಹುದೂರ ಸಾಗಬೇಕು. ಆಷಾಢದ ಗಾಳಿಗೆ ಮುರಿದ ಕೊಂಬೆ ತಂತಿಯ ಮೇಲೆ ಬಿದ್ದರೆ ಕತ್ತಲೆ ಕವಿಯುವುದಷ್ಟೇ ಅಲ್ಲ. ಹರಿದ ತಂತಿಯು ಕಾಲುದಾರಿಯಲ್ಲಿ ಮೃತ್ಯುವಾಗಿ ಮಲಗಿರಲೂ ಬಹುದು. ಕೊನೆಕೊಯ್ಲಿನ ಕಾಲದ ಭಯ ಬೇರೆ ಬಗೆಯದು. ಕೊನೆಗೌಡರ ಅಭಾವದಿಂದ ಈಚೆಗೆ ಬಳಕೆಗೆ ಬಂದಿರುವ ಕಾರ್ಬನ್ ಫೈಬರ್ ದೋಟಿ ಹಗುರವೂ ಹೌದು, ಉದ್ದವೂ ಹೌದು. ಆದರೆ ಅದರಲ್ಲಿ ವಿದ್ಯುತ್ತು ಹರಿಯುತ್ತದೆ. ತೋಟದ ಮೇಲೆ ಜೋತುಬಿದ್ದ ತಂತಿಗೆ ಅದರ ತುದಿ ತಾಗಿದರೆ, ಕೆಳಗೆ ಹಿಡಿದು ನಿಂತವನ ಗತಿಯೇನು?

ಇದು ಮಲೆನಾಡಿನ ಕಷ್ಟವೆಂದು ಪಟ್ಟಣಿಗರು ನಿಶ್ಚಿಂತರಾಗುವಂತಿಲ್ಲ. 2023ರ ನವೆಂಬರ್ 19ರಂದು ಬೆಂಗಳೂರಿನ ಕಾಡುಗೋಡಿಯಲ್ಲಿ, ಪಾದಚಾರಿ ಮಾರ್ಗದ ಮೇಲೆ ಬಿದ್ದಿದ್ದ ಜೀವಂತ ತಂತಿಯನ್ನು ತುಳಿದು ತರುಣಿಯೊಬ್ಬಳು, ಅವಳ ಒಂಬತ್ತು ತಿಂಗಳ ಕೂಸು ಅಸುನೀಗಿದರು. ವಿದ್ಯುತ್ ಕಂಪನಿಯ ನೌಕರರು ಅಮಾನತಾದರು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು.

ಅನಾಹುತಕ್ಕೆ ಮೊದಲೇ ಎಚ್ಚರವಿರುವಂತೆ ಮಾಡುವುದು ದಂಡದ ಉದ್ದೇಶ. ಆ ಉದ್ದೇಶ ನೆರವೇರುವಷ್ಟು ಬಲ ನಮ್ಮ ಕಾಯಿದೆಗಿದೆಯೇ? 2003ರ ವಿದ್ಯುಚ್ಛಕ್ತಿ ಕಾಯಿದೆಯ 142ನೆಯ ಕಲಮು, ನಿಯಮ ಮೀರಿದವರಿಗೆ ನಿಯಂತ್ರಣ ಆಯೋಗವು ವಿಧಿಸಬಹುದಾದ ದಂಡದ ಮಿತಿಯನ್ನು ಒಂದು ಲಕ್ಷ ರೂಪಾಯಿಗೆ ನಿಲ್ಲಿಸಿತು. ತಪ್ಪು ಮುಂದುವರಿದರೆ ದಿನಕ್ಕೆ ಆರು ಸಾವಿರದವರೆಗೆ. ಮೂರು ವರ್ಷಗಳ ನಂತರ, 2006ರಲ್ಲಿ, ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿಗಾಗಿ ರಚಿತವಾದ ಕಾಯಿದೆ ಅಂಥದೇ ತಪ್ಪಿಗೆ ಒಂದು ಕೋಟಿಯವರೆಗೂ, ಮುಂದುವರಿದರೆ ದಿನಕ್ಕೆ ಹತ್ತು ಲಕ್ಷದವರೆಗೂ ದಂಡವನ್ನು ಗೊತ್ತುಮಾಡಿತು. ಕೊಳವೆಯಲ್ಲಿ ಹರಿಯುವ ಅನಿಲಕ್ಕೊಂದು ಅಳತೆ, ತಂತಿಯಲ್ಲಿ ಹರಿಯುವ ವಿದ್ಯುತ್ತಿಗೆ ಅದರ ನೂರರಲ್ಲೊಂದು ಪಾಲೇ?

ಅದೇ ವಿದ್ಯುಚ್ಛಕ್ತಿ ಕಾಯಿದೆ ಕಳ್ಳತನದ ವಿಷಯದಲ್ಲಿ ಎಷ್ಟು ಜಾಣತನ ತೋರಿದೆ ನೋಡಿ. ವಿದ್ಯುತ್ತನ್ನು ಕದ್ದವನಿಗೆ ಮೂರು ವರ್ಷಗಳವರೆಗೆ ಸೆರೆವಾಸವಾಗಬಹುದು. ಜುಲ್ಮಾನೆ ಹಾಕಿದರೆ ಅದು ಕದ್ದ ಲಾಭದ ಮೂರು ಪಟ್ಟಿಗೆ ಕಡಮೆಯಾಗಕೂಡದು. ಕಳ್ಳನ ದಂಡ ಲಾಭದೊಡನೆ ಬೆಳೆಯುತ್ತದೆ. ಅಜಾಗ್ರತೆಯ ದಂಡವಾದರೋ ಬರೆದಿಟ್ಟ ಅಂಕಿಯಲ್ಲೇ ನಿಂತಿರುತ್ತದೆ. ರೂಪಾಯಿಯ ಬೆಲೆ ಇಳಿದಂತೆಲ್ಲ ಅದೂ ಸದ್ದಿಲ್ಲದೆ ಇಳಿಯುತ್ತದೆ. ಮೈಲಿಗಟ್ಟಲೆ ತಂತಿ ಬದಲಿಸುವ ವೆಚ್ಚದ ಮುಂದೆ ಅಂಥ ದಂಡವನ್ನು ತೆತ್ತು ಸುಮ್ಮನಿರುವುದೇ ಅಗ್ಗವೆಂದು ಲೆಕ್ಕಿಗನಿಗೆ ತೋರಿದರೆ ಆಶ್ಚರ್ಯವೇನು?

ಅಜಾಗ್ರತೆಯಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಂತೆ ಐದು ವರ್ಷಗಳವರೆಗೆ ಸೆರೆಯುಂಟು. ಆದರೆ ಅದರ ಬಲೆ ಮೊದಲು ಬೀಳುವುದು ಕೈಗೆ ಸಿಕ್ಕುವ ಲೈನ್‌ಮನ್‌ನ ಮೇಲೆ. ಹೊಸ ತಂತಿಗೆ ಹಣ ಮಂಜೂರು ಮಾಡುವ ಅಧಿಕಾರ ಅವನಿಗೆಲ್ಲಿದೆ? ಸಂಸ್ಥೆಯ ಹೊಣೆಯನ್ನು ನ್ಯಾಯಾಲಯಗಳು ಗುರುತಿಸದೆ ಇಲ್ಲ. ದಿಲ್ಲಿಯ ಓಲಿಯಂ ಅನಿಲ ಸೋರಿಕೆಯ ಮೊಕದ್ದಮೆಯಲ್ಲಿ 1986ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಉದ್ಯಮ ದೊಡ್ಡದಾದಷ್ಟೂ ಪರಿಹಾರವೂ ದೊಡ್ಡದಾಗಬೇಕೆಂದು ವಿಧಿಸಿತು. ರಾತ್ರಿ ಸೈಕಲ್ಲಿನಲ್ಲಿ ಮನೆಗೆ ಮರಳುತ್ತಿದ್ದ ಕಾರ್ಮಿಕನೊಬ್ಬ ಹರಿದುಬಿದ್ದ ತಂತಿ ತಗಲಿ ಸತ್ತಾಗ, ಅನ್ಯರು ವಿದ್ಯುತ್ತನ್ನು ಕದಿಯುತ್ತಿದ್ದರೆಂಬ ಮಧ್ಯಪ್ರದೇಶ ವಿದ್ಯುತ್ ಮಂಡಳಿಯ ನೆಪವನ್ನು 2002ರಲ್ಲಿ ಅದೇ ನ್ಯಾಯಾಲಯ ತಳ್ಳಿಹಾಕಿತು. ಪರಿಹಾರವು ವಿಧವೆಯ ಕಣ್ಣೀರನ್ನು ಕೊಂಚ ಒರೆಸೀತು. ಮುಂದಿನ ತಂತಿಯನ್ನು ಬಿಗಿಯಲಾರದು.

ಈ ಬಗೆಗೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಅನುಭವ ಮನನೀಯವಾದುದು. 2010ರ ಸೆಪ್ಟೆಂಬರ್ 9ರಂದು ಸ್ಯಾನ್ ಬ್ರೂನೋ ಪಟ್ಟಣದಲ್ಲಿ ಪೆಸಿಫಿಕ್ ಗ್ಯಾಸ್ ಅಂಡ್ ಎಲೆಕ್ಟ್ರಿಕ್ ಕಂಪನಿಯ ಅನಿಲ ಕೊಳವೆ ಸಿಡಿದು ಎಂಟು ಜನ ಸತ್ತರು, 38 ಮನೆಗಳು ನಾಶವಾದವು. 1956ರಲ್ಲಿ ಹೂಳಿದ್ದ ಆ ಕೊಳವೆಯ ಬೆಸುಗೆಯೇ ದೋಷಯುಕ್ತವಾಗಿತ್ತು. ನ್ಯಾಯಾಲಯ ವಿಧಿಸಬಹುದಾಗಿದ್ದ ಗರಿಷ್ಠ ದಂಡ ಕೇವಲ 30 ಲಕ್ಷ ಡಾಲರು. ರಾಜ್ಯದ ಆಯೋಗವಾದರೋ 2015ರಲ್ಲಿ 160 ಕೋಟಿ ಡಾಲರು ವಿಧಿಸಿ, ಅದರ ಅರ್ಧಕ್ಕೂ ಮಿಕ್ಕಿದ ಭಾಗವನ್ನು ಕೊಳವೆಗಳ ಸುರಕ್ಷತೆಗೇ ಮುಡಿಪಾಗಿಟ್ಟಿತು. ಭಾರವನ್ನು ಗ್ರಾಹಕರು ಹೊರದೆ ಷೇರುದಾರರು ಹೊರಬೇಕಾಯಿತು. ಆದರೂ ಕಥೆ ಅಲ್ಲಿಗೆ ಮುಗಿಯಲಿಲ್ಲ. 2018ರ ನವೆಂಬರಿನಲ್ಲಿ ಅದೇ ಕಂಪನಿಯ ಹಳೆಯ ವಿದ್ಯುತ್ ಗೋಪುರವೊಂದರ ಸವೆದ ಕೊಕ್ಕೆ ಮುರಿದು ಕಾಡಿಗೆ ಬೆಂಕಿ ಬಿತ್ತು. 85 ಜನ ಬೆಂದುಹೋದರು. ದಂಡ ದೊಡ್ಡದಾದರೆ ಸಾಲದು, ಕೊಕ್ಕೆ ಮುರಿಯುವ ಮುನ್ನ ಅದನ್ನು ನೋಡುವ ಕಣ್ಣೂ ಬೇಕೆಂಬುದು ಇದರ ಪಾಠ.

ಕರ್ನಾಟಕದ ನೆಲದಡಿಯಲ್ಲೂ ಈಗ ಅನಿಲ ಹರಿಯುತ್ತಿದೆ. ದಾಭೋಳ–ಬೆಂಗಳೂರು ಕೊಳವೆಮಾರ್ಗ 2013ರಲ್ಲಿ, ಕೊಚ್ಚಿ–ಮಂಗಳೂರು ಮಾರ್ಗ 2021ರಲ್ಲಿ ಉದ್ಘಾಟನೆಗೊಂಡವು. ಆದರೆ ಪೆಟ್ರೋಲಿಯಂ ಹಾಗೂ ನೈಸರ್ಗಿಕ ಅನಿಲಗಳು ಕೇಂದ್ರದ ಪಟ್ಟಿಗೆ ಸೇರಿದವು. ಅವುಗಳ ದಂಡವನ್ನು ಏರಿಸಬೇಕಾದುದು ಸಂಸತ್ತು. ವಿದ್ಯುಚ್ಛಕ್ತಿಯ ಸಂಗತಿ ಹಾಗಲ್ಲ. ಅದು ಸಮವರ್ತಿ ಪಟ್ಟಿಯಲ್ಲಿದೆ. ರಾಷ್ಟ್ರಪತಿಗಳ ಅಂಕಿತ ದೊರೆತರೆ ರಾಜ್ಯದ ಶಾಸನಸಭೆಯೂ ತನ್ನ ಎಲ್ಲೆಯೊಳಗೆ ದಂಡವನ್ನು ಹೆಚ್ಚಿಸಬಹುದು.

ಹೆಚ್ಚಿಸುವಾಗ ಒಂದು ಎಚ್ಚರ ಅಗತ್ಯ. ನಮ್ಮಲ್ಲಿ ವಿದ್ಯುತ್ ಹಂಚುವ ಕಂಪನಿಗಳು ಸರ್ಕಾರದವೇ. ಕಾನಸೂರಿಗೆ ಬೆಳಕು ಕೊಡುವ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯೂ ಹಾಗೆಯೇ. ಕಂಪನಿಯ ದಂಡವು ದರದ ರೂಪದಲ್ಲಿ ತೋಟಿಗನ ಬಿಲ್ಲಿಗೇ ಸೇರಿದರೆ, ಪೆಟ್ಟು ತಿಂದವನೇ ಜುಲ್ಮಾನೆಯನ್ನೂ ತೆತ್ತಂತಾಗುತ್ತದೆ. ಆದುದರಿಂದ ದಂಡವನ್ನು ದರಕ್ಕೆ ಸೇರಿಸಗೊಡಬಾರದು. ಆ ಹಣ ಅದೇ ಮಾರ್ಗದ ದುರಸ್ತಿಗೆ ವಿನಿಯೋಗವಾಗಬೇಕು. ದೂರು ಬಂದೂ ಹಣ ತಡೆದ ಮೇಲಧಿಕಾರಿ ಉತ್ತರ ಹೇಳಬೇಕು. ವಿದ್ಯುತ್ ಪರಿವೀಕ್ಷಣಾಲಯಕ್ಕೆ ಮಳೆಗಾಲಕ್ಕೆ ಮೊದಲೇ ಬೆಟ್ಟ ಹತ್ತಿ ನೋಡುವಷ್ಟು ಸಿಬ್ಬಂದಿಯಿರಬೇಕು. ಗ್ರಾಹಕರ ಕರ್ತವ್ಯವೂ ಇಲ್ಲದಿಲ್ಲ: ಜೋತ ತಂತಿ ಕಂಡೊಡನೆ 1912ಕ್ಕೆ ದೂರಿತ್ತು, ದೂರಿನ ಸಂಖ್ಯೆಯನ್ನೂ ದಿನಾಂಕವನ್ನೂ ಬರೆದಿಟ್ಟುಕೊಳ್ಳುವುದು ಲೇಸು. ಗೊತ್ತಿರಲಿಲ್ಲವೆಂಬ ಮಾತಿಗೆ ನಾಳೆ ಆ ಒಂದು ಚೀಟಿಯೇ ಉತ್ತರವಾದೀತು.