ಘಟ್ಟ ಇಳಿಯುವ ದಾರಿಗಳು

ಭೂಪಟದಲ್ಲಿ ಹಾಸನಕ್ಕೂ ಮಂಗಳೂರಿಗೂ ಇರುವ ಅಂತರ ಎರಡು ಬೆರಳಿನಷ್ಟು. ಆದರೆ ಆ ಎರಡು ಬೆರಳಿನ ನಡುವೆ ಪಶ್ಚಿಮಘಟ್ಟ ಗೋಡೆಯಂತೆ ನಿಂತಿದೆ. ಸಕಲೇಶಪುರದವರೆಗೆ ಸುಗಮವಾಗಿ ಸಾಗುವ ದಾರಿ ಅಲ್ಲಿಂದ ಮುಂದೆ ಒಮ್ಮೆಲೇ ಕಾಡಿನ ಕಣಿವೆಗಳಿಗೆ ಇಳಿಯತೊಡಗುತ್ತದೆ.

ಘಟ್ಟದ ಮೇಲಿನವರಿಗೆ ಕಡಲತೀರದ ಉಪ್ಪು ಬೇಕು; ಇಲ್ಲಿ ಬೆಳೆದ ಕಾಫಿ, ಏಲಕ್ಕಿಗಳು ಬಂದರನ್ನು ಸೇರಬೇಕು. ಗಾಡಿ ಹೋಗಲಾರದ ಕಡೆ ಹಿಂದೆ ಎತ್ತುಗಳ ಬೆನ್ನಿನ ಮೇಲೆ ಸರಕು ಹೇರಿ ಸಾಗಿಸುತ್ತಿದ್ದರು. ಈ ದಾರಿಯ ಮಹತ್ವವನ್ನು ಅರಿತೇ ಟಿಪ್ಪು ಸುಲ್ತಾನನು ಸಕಲೇಶಪುರದ ಬಳಿ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯನ್ನು ಕಟ್ಟಿಸಿದನು. ಅದು 1792ರಲ್ಲಿ ಪೂರ್ಣಗೊಂಡಿತು.

ಇಂದು ಮುಖ್ಯವಾದ ರಸ್ತೆ ಶಿರಾಡಿ ಘಾಟಿಯದು. ಬೆಂಗಳೂರಿನಿಂದ ಚನ್ನರಾಯಪಟ್ಟಣ, ಹಾಸನಗಳ ಮೂಲಕ ಬರುವ ಹೆದ್ದಾರಿ ಇಲ್ಲಿಯೇ ಘಟ್ಟವನ್ನು ಇಳಿಯುತ್ತದೆ. ಉತ್ತರಕ್ಕೆ ಚಾರ್ಮಾಡಿ, ದಕ್ಷಿಣಕ್ಕೆ ಬಿಸಿಲೆ, ಇನ್ನೂ ದಕ್ಷಿಣದಲ್ಲಿ ಮಡಿಕೇರಿಯ ಆಚೆಗೆ ಸಂಪಾಜೆ ಘಾಟಿಗಳಿವೆ. ಚಾರ್ಮಾಡಿ, ಬಿಸಿಲೆಗಳ ಕಡಿದಾದ ತಿರುವುಗಳು ಭಾರದ ಲಾರಿಗಳಿಗೆ ತಕ್ಕುವಲ್ಲ. ಸಂಪಾಜೆಯ ದಾರಿ ಹಾಸನದವರಿಗೆ ಸುತ್ತು.

ಎರಡನೆಯ ಸಾಧನ ರೈಲು. ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗ 1979ರಲ್ಲಿ ಆರಂಭವಾಯಿತು. ಬ್ರಾಡ್ ಗೇಜಿಗೆ ಬದಲಿಸಲೆಂದು 1996ರಲ್ಲಿ ಘಟ್ಟದ ಮಾರ್ಗವನ್ನು ಮುಚ್ಚಿದರು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರಲ್ಲಿ. ಬಸ್ಸಿನಂತೆ ರೈಲು ಕಡಿದಾದ ಇಳಿಜಾರಿನಲ್ಲಿ ಇಳಿಯಲಾರದು. ಇಲ್ಲಿ ಅದು 50 ಮೀಟರ್ ಮುಂದೆ ಸಾಗಿದರೆ 1 ಮೀಟರ್ ಕೆಳಗಿಳಿಯುತ್ತದೆ, ಎಂದರೆ ಒಂದು ಕಿಲೋಮೀಟರಿಗೆ 20 ಮೀಟರ್. 700 ಮೀಟರ್ ಇಳಿಯಬೇಕಾದರೆ 35 ಕಿಲೋಮೀಟರ್ ಬೇಕೇ ಬೇಕು. ಆದುದರಿಂದಲೇ ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರ್ ಹಾದಿ 57 ಸುರಂಗಗಳನ್ನು ಹೊಕ್ಕು, ನೂರಕ್ಕೂ ಹೆಚ್ಚು ಸೇತುವೆಗಳನ್ನು ದಾಟಿ, ಬೆಟ್ಟವನ್ನು ಬಳಸಿ ಬಳಸಿ ಇಳಿಯುತ್ತದೆ. ರೈಲು ನಿಧಾನ, ಆದರೆ ಒಂದೇ ಬಾರಿಗೆ ನೂರಾರು ಜನರನ್ನು ಕಡಿಮೆ ಖರ್ಚಿನಲ್ಲಿ ಒಯ್ಯುತ್ತದೆ. ಅರಕಲಗೂಡಿಗೆ ರೈಲಿಲ್ಲ. ಅಲ್ಲಿಯವರು ಬಸ್ಸಿನಲ್ಲಿ ಹಾಸನಕ್ಕೆ ಬಂದು ಈ ರೈಲನ್ನು ಹಿಡಿಯಬೇಕು.

ಮಳೆಗಾಲ ಈ ದಾರಿಗಳೆಲ್ಲಕ್ಕೂ ಪರೀಕ್ಷೆಯ ಕಾಲ. 2024ರ ಜುಲೈ ತಿಂಗಳಲ್ಲಿ ಎಡಕುಮೇರಿಯ ಬಳಿ ಹಳಿಯ ಕೆಳಗಿನ ಮಣ್ಣು ಕುಸಿದು ರೈಲು ಸಂಚಾರ ನಿಂತಿತು. ಅದೇ ಮಳೆಯಲ್ಲಿ ಸಕಲೇಶಪುರದ ಮುಂದೆ ಗುಡ್ಡ ಜರಿದು ಹೆದ್ದಾರಿಯೂ ಮುಚ್ಚಿತು. ಮಂಗಳೂರಿನ ಆಸ್ಪತ್ರೆಗೆ ಹೊರಟ ರೋಗಿಗೆ ಇಂತಹ ದಿನ ಒಂದೊಂದು ಗಳಿಗೆಯೂ ಅಮೂಲ್ಯ. ಆಗ ಸುತ್ತುದಾರಿಯೇ ಗತಿ.

ಕಡಲೇ ಇಲ್ಲದ, ಪರ್ವತಗಳಿಂದ ಕೂಡಿದ ಸ್ವಿಟ್ಜರ್ಲೆಂಡ್ ದೇಶದ ನಿದರ್ಶನ ಇಲ್ಲಿ ನೆನೆಯತಕ್ಕದ್ದು. ಅಲ್ಲಿ ಗೊಥಾರ್ಡ್ ಪರ್ವತದ ರೈಲುಮಾರ್ಗ 1882ರಲ್ಲಿ ತೆರೆಯಿತು. 2016ರಲ್ಲಿ ಪರ್ವತದ ಬುಡದಲ್ಲಿಯೇ 57 ಕಿಲೋಮೀಟರ್ ಉದ್ದದ ಹೊಸ ಸುರಂಗ ಸಿದ್ಧವಾಯಿತು. ಆದರೂ ಹಳೆಯ ಮಾರ್ಗವನ್ನು ಅವರು ಕೈಬಿಡಲಿಲ್ಲ. 2023ರಲ್ಲಿ ಹೊಸ ಸುರಂಗದೊಳಗೆ ಗೂಡ್ಸ್ ರೈಲೊಂದು ಹಳಿ ತಪ್ಪಿದಾಗ, ಪ್ರಯಾಣಿಕರನ್ನು ಪರ್ವತದಾಚೆಗೆ ಮುಟ್ಟಿಸಿದ್ದು ಆ ಹಳೆಯ ಮಾರ್ಗವೇ.

ಒಂದೇ ದಾರಿಯನ್ನು ನಂಬಿದ ಊರು ಆ ದಾರಿ ಮುಚ್ಚಿದೊಡನೆ ದ್ವೀಪವಾಗುತ್ತದೆ. ಹೊಸ ರಸ್ತೆಯನ್ನು ಅಗಲಿಸುವಾಗ ಹಳೆಯದನ್ನೂ ಕಾಪಾಡಬೇಕು. ಮಣ್ಣನ್ನು ಬೇರುಗಳಿಂದ ಹಿಡಿದಿರುವ ಕಾಡನ್ನೂ ಉಳಿಸಬೇಕು. ಘಟ್ಟವನ್ನು ಗೆದ್ದೆವೆಂದು ಬೀಗುವುದಕ್ಕಿಂತ, ಅದರ ಸ್ವಭಾವವನ್ನರಿತು ನಡೆಯುವುದೇ ಸುರಕ್ಷಿತ ಪ್ರಯಾಣದ ಮೊದಲ ಪಾಠ.