ತುಂಡು ಕರುಳಿನ ಛಲ

ನಮ್ಮ ಹೊಟ್ಟೆಯೊಳಗೆ ಸುರುಳಿ ಸುತ್ತಿ ಕೂತಿರುವ ಸಣ್ಣ ಕರುಳನ್ನು ಬಿಡಿಸಿ ಹಾಸಿದರೆ ಸುಮಾರು 6 ಮೀಟರ್. ಹೆಚ್ಚುಕಡಿಮೆ ಒಂದು ಸೀರೆಯುದ್ದ! ರಕ್ತನಾಳ ಕಟ್ಟಿಕೊಂಡೋ ಕರುಳು ತಿರುಚಿಕೊಂಡೋ ಆ ಸೀರೆಯ ಬಹುಭಾಗ ಸತ್ತುಹೋದರೆ ಸರ್ಜನ್ ಅದನ್ನು ಕತ್ತರಿಸಲೇಬೇಕು. 2 ಮೀಟರಿಗಿಂತ ಕಡಿಮೆ ಉಳಿದರೆ ಅದು ಶಾರ್ಟ್ ಬವೆಲ್ ಸಿಂಡ್ರೋಮ್. ಉಂಡದ್ದು ಮೈಗೆ ಹತ್ತುವುದಿಲ್ಲ, ಕುಡಿದದ್ದು ಒಳಗೆ ನಿಲ್ಲುವುದಿಲ್ಲ.

ಆದರೆ ಉಳಿದ ತುಂಡು ಸುಮ್ಮನೆ ಕೂರುವುದಿಲ್ಲ! ಒಳಗೋಡೆಯ ತುಂಬ ಮಖಮಲ್ಲಿನ ನವಿರಿನಂತೆ ಒತ್ತಾಗಿ ನಿಂತಿರುವ ಎಳೆಗಳಿಗೆ ವಿಲ್ಲೈ ಎನ್ನುತ್ತಾರೆ. ಆಹಾರ ಹೀರುವುದು ಇವೇ. ಒಂದೊಂದೂ ಹೆಚ್ಚೆಂದರೆ ಮಿಲಿಮೀಟರ್ ಉದ್ದ. ಕಳೆದುಕೊಂಡದ್ದನ್ನು ತುಂಬಲೆಂಬಂತೆ ಇವು ನೀಳವಾಗತೊಡಗುತ್ತವೆ, ಕರುಳೂ ಅಗಲವಾಗುತ್ತದೆ. ಒಂದೆರಡು ವರ್ಷ ಈ ಕೆಲಸ ನಡೆಯುತ್ತದೆ. ಅದಕ್ಕೆ ಬಾಯಿಂದ ಇಳಿದ ತುತ್ತು ಕರುಳನ್ನು ಮುಟ್ಟುತ್ತಿರಬೇಕು. ಹಾಗೆ ಮುಟ್ಟದಿದ್ದರೆ ವಿಲ್ಲೈ ಮುದುಡುತ್ತವೆ.

ಅಲ್ಲಿಯವರೆಗೆ ಜೀವ ಹಿಡಿದಿಡುವುದು ಹೇಗೆ? ಸರ್ಜನ್ ಸ್ಟ್ಯಾನ್ಲಿ ಡಡ್ರಿಕ್ ಮೊದಲು ಬೀಗಲ್ ನಾಯಿಮರಿಗಳಿಗೆ ರಕ್ತನಾಳದ ಮೂಲಕವೇ ಪೂರ್ತಿ ಆಹಾರ ಕೊಟ್ಟು ಬೆಳೆಸಿದರು. 1967ರಲ್ಲಿ ಫಿಲಡೆಲ್ಫಿಯಾದಲ್ಲಿ, ಸಣ್ಣ ಕರುಳು ಬಹುಪಾಲು ಇಲ್ಲದೆ ಹುಟ್ಟಿದ ಹೆಣ್ಣು ಶಿಶುವೊಂದು ಅದೇ ದಾರಿಯಲ್ಲಿ ಮೈದುಂಬಿಕೊಂಡಿತು. ಒಂದು ತುತ್ತೂ ಉಣ್ಣದೆ ಮಗು ಬೆಳೆಯಿತು!

ನನ್ನನ್ನು ಇನ್ನೂ ಬೆರಗುಗೊಳಿಸುವುದು ನೀರಿನ ವಿಚಾರ. ಕರುಳು ತೀರಾ ಗಿಡ್ಡವಾಗಿ, ಹೊಟ್ಟೆಯ ಮೇಲಿನ ಚೀಲಕ್ಕೆ ತೆರೆದುಕೊಂಡಿರುವವರು ಬರೀ ನೀರು ಕುಡಿದಷ್ಟೂ ಒಣಗುತ್ತಾರೆ. ಆ ನೀರು ಕರುಳಗೋಡೆಯಿಂದ ಉಪ್ಪನ್ನು ಸೆಳೆದುಕೊಂಡು ಚೀಲಕ್ಕಿಳಿಯುತ್ತದೆ. ಉಪ್ಪು, ಗ್ಲೂಕೋಸ್ ಎರಡೂ ಹದವಾಗಿ ಬೆರೆತರೆ ಒಂದನ್ನೊಂದು ಕೈಹಿಡಿದು ಒಳಗೆ ಹೋಗುತ್ತವೆ, ನೀರು ಅವುಗಳ ಬೆನ್ನಿಗೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಡಾ. ದಿಲೀಪ್ ಮಹಾಲನಬಿಸ್ ಕಾಲರಾ ಪೀಡಿತ ನಿರಾಶ್ರಿತರಿಗೆ ಕುಡಿಸಿದ ಓಆರ್‌ಎಸ್ ಹಿಂದಿನ ಗುಟ್ಟೂ ಇದೇ. ಗಿಡ್ಡ ಕರುಳಿನವರಿಗೆ ಸಾಮಾನ್ಯವಾಗಿ ಅದರಲ್ಲಿದ್ದುದಕ್ಕಿಂತ ಉಪ್ಪು ಕಡಿಮೆಯಾಗದಂತೆ ಬೆರೆಸುತ್ತಾರೆ.

ದೊಡ್ಡ ಕರುಳು ಜೋಡಣೆಯಾಗಿದ್ದರಂತೂ ಪುಣ್ಯ. ಸಣ್ಣ ಕರುಳು ಬಿಟ್ಟ ಅನ್ನ-ರೊಟ್ಟಿಯ ಪಿಷ್ಟವನ್ನು ಅಲ್ಲಿನ ಬ್ಯಾಕ್ಟೀರಿಯಾ ಹುಳಿಯಿಸಿ, ದಿನಕ್ಕೆ 1000 ಕ್ಯಾಲೊರಿವರೆಗೆ ದೇಹಕ್ಕೆ ಮರಳಿಸಬಲ್ಲವು.

ಹಬ್ಬದ ತೋರಣಕ್ಕೆ ಕಾಗದದ ಪಟ್ಟಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತರಿಸಿ ಎಳೆದರೆ ಉದ್ದವಾಗುತ್ತದಲ್ಲ? ಬಾಸ್ಟನ್‌ನ ಸರ್ಜನ್‌ಗಳು 2003ರಲ್ಲಿ ಪ್ರಕಟಿಸಿದ ‘ಸ್ಟೆಪ್’ ಶಸ್ತ್ರಚಿಕಿತ್ಸೆಯಲ್ಲಿ, ಹಿಗ್ಗಿದ ಕರುಳಿಗೆ ಹಾಗೆಯೇ ಎರಡೂ ಕಡೆಯಿಂದ ಸ್ಟೇಪ್ಲರ್ ಹಾಕಿ ಸಪೂರ ಮಾಡಿ ಉದ್ದವಾಗಿಸುತ್ತಾರೆ!

ಟೊರೊಂಟೊದ ಡೇನಿಯಲ್ ಡ್ರಕ್ಕರ್ ತಂಡ 1996ರಲ್ಲಿ ಇಲಿಗಳ ಕರುಳನ್ನು ಬೆಳೆಸುವ ಹಾರ್ಮೋನನ್ನು ಗುರುತಿಸಿತು: ಜಿಎಲ್‌ಪಿ-2. ರಕ್ತದಲ್ಲಿ ಅದು ನಿಮಿಷಗಳಲ್ಲಿ ಕರಗಿಹೋಗುತ್ತದೆ. ಅದರ ಒಂದೇ ಒಂದು ಅಮೈನೋ ಆಮ್ಲ ಬದಲಿಸಿದ್ದೇ ಬಾಳಿಕೆ ಹೆಚ್ಚಿತು. ಅದೇ ಟೆಡುಗ್ಲುಟೈಡ್. ಅಮೆರಿಕದಲ್ಲಿ 2012ರಲ್ಲಿ ಮಂಜೂರಾಯಿತು. ದಿನಕ್ಕೊಂದು ಚುಚ್ಚುಮದ್ದು. ಹಲವರಿಗೆ ರಕ್ತನಾಳದ ಮೂಲಕ ಕೊಡುವ ಆಹಾರದ ಡ್ರಿಪ್ ಕಡಿಮೆಯಾಗಿದೆ, ಕೆಲವರಿಗೆ ನಿಂತೇಹೋಗಿದೆ. ಬೆಲೆ ಮಾತ್ರ ಬಡವರ ಕೈಗೆಟುಕದ್ದು, ಇದು ಅನ್ಯಾಯ.

ಮನೆಯಲ್ಲಿ ಯಾರಿಗಾದರೂ ಕರುಳು ಕತ್ತರಿಸಿದ್ದರೆ, ಎಷ್ಟು ಉಳಿದಿದೆ, ದೊಡ್ಡ ಕರುಳು ಜೋಡಿಸಿದ್ದಾರೆಯೇ ಎಂಬುದನ್ನು ಡಿಸ್ಚಾರ್ಜ್ ಕಾಗದದಲ್ಲಿ ಬರೆಸಿಕೊಳ್ಳಿ. ಊಟ, ನೀರು, ಮದ್ದು ಎಲ್ಲದರ ಲೆಕ್ಕ ಅಲ್ಲಿಂದಲೇ ಶುರು.